ಪೆಟ್ರೋಲು ಬಂಡಿಯ ಇಂಧನಾಂಗಗಳು ಮತ್ತು ಅವುಗಳ ಸುರಕ್ಷಿತ ಪರಿಪಾಲನೆ

ಅಣ್ಣಾ ನಗರದ ಗೋಪುರೋದ್ಯಾನವನ್ನು ಕಾಣದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ೧೯೬೮ರಲ್ಲಿ ಇಲ್ಲಿ ನಡೆದ ದೊಡ್ಡ ವಾಣಿಜ್ಯ ಪ್ರದರ್ಶನದ ಸಲುವಾಗಿ ನಿರ್ಮಿತವಾದ ಆ ಗೋಪುರವು, ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು ನಿಂತಿದೆ. ಚೆನ್ನೈಯಲ್ಲಿ ಬೆಳೆಯುತ್ತಿರುವ ಕನ್ನಡ ಮಕ್ಕಳಿಗೆ ಇದು ಅಭಿಮಾನದ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಮಹನೀಯರನ್ನು ಗೌರವಿಸುವ ಸರಿಯಾದ ಮಾರ್ಗವೆಂದರೆ, ನಮ್ಮ ಸುತ್ತಮುತ್ತ ದುಡಿಯುವ ಯಂತ್ರಗಳನ್ನು ಕಣ್ತೆರೆದು ನೋಡಿ ಅವುಗಳ ಮರ್ಮವನ್ನು ಅರಿತುಕೊಳ್ಳುವುದು.

ಅದಕ್ಕೆ ತಕ್ಕ ಕ್ಷೇತ್ರವೂ ನಮಗೆ ಸಮೀಪದಲ್ಲಿಯೇ ಇದೆ. ನೆರೆಯ ಪಾಡಿಯಲ್ಲಿ, ಮೋಟಾರು ವಾಹನಗಳ ವಿದ್ಯುದುಪಕರಣಗಳನ್ನು ತಯಾರಿಸುವ ಲ್ಯೂಕಾಸ್ ಟಿ.ವಿ.ಎಸ್. ಸಂಸ್ಥೆಯು ೧೯೬೧ರಲ್ಲಿ ಸ್ಥಾಪಿತವಾಯಿತು. ತಿರುವೊಟ್ಟಿಯೂರಿನ ಎನ್‌ಫೀಲ್ಡ್ ಮೋಟಾರ್‌ಸೈಕಲ್ಲಿನ ಉದ್ಯಮ ೧೯೫೫ರಷ್ಟು ಹಳೆಯದು. ಮಣಲಿಯ ತೈಲ ಶುದ್ಧೀಕರಣ ಕಾರ್ಖಾನೆಗಾಗಿ ೧೯೬೫ರಲ್ಲಿ ಸಂಸ್ಥೆ ರೂಪುಗೊಂಡಿತು. ಹೀಗೆ ಬಂಡಿ, ಅದರ ಬಿಡಿಭಾಗ, ಅದನ್ನು ಓಡಿಸುವ ಇಂಧನ, ಈ ಮೂರೂ ಹುಟ್ಟುವ ಊರಿನಲ್ಲಿ ನಾವು ವಾಸಿಸುತ್ತಿದ್ದೇವೆ. ಆದರೂ ಮಳೆಗಾಲದ ಒಂದು ಮುಂಜಾನೆ ಮನೆಯ ಸ್ಕೂಟರು ಹೊರಡದಿದ್ದರೆ, ಕಟ್ಟಡದ ತಳದಲ್ಲಿ, ಮೀಟರು ಪೆಟ್ಟಿಗೆಗಳ ಕೆಳಗೆಯೇ ಕುಳಿತು ಪೆಟ್ರೋಲಿನ ಕೊಳವೆಯನ್ನು ಕಿತ್ತು ನೋಡುವವರು ನಮ್ಮಲ್ಲಿ ಕಡಮೆಯಿಲ್ಲ. ಆ ಕೆಲಸದಲ್ಲಿ ಅಡಗಿರುವ ಅಪಾಯವೇನು, ಅದನ್ನು ನಿರಪಾಯವಾಗಿ ನಡೆಸುವ ಕ್ರಮವೇನು ಎಂಬುದನ್ನು ಯಥಾಶಕ್ತಿ ವಿವರಿಸುವುದೇ ಈ ಲೇಖನದ ಉದ್ದೇಶ.

ಗಾಲ್ಫ್ ಗಾಡಿ: ಒಂದು ಒಳ್ಳೆಯ ಮಾದರಿ

ಪೆಟ್ರೋಲು ಯಂತ್ರದ ಅಂಗಗಳನ್ನು ಒಂದೆಡೆಯಲ್ಲಿ ಸುಲಭವಾಗಿ ಕಾಣಬೇಕಾದರೆ ಗಾಲ್ಫ್ ಗಾಡಿಯಂಥ ಮಾದರಿ ಇನ್ನೊಂದಿಲ್ಲ. ಗಾಲ್ಫ್ ಆಟದ ಮೈದಾನ ಬಹು ವಿಸ್ತಾರವಾದದ್ದು. ನಂದನದಲ್ಲಿ ಕಾಸ್ಮೊಪಾಲಿಟನ್ ಕ್ಲಬ್ಬಿನ ಮೈದಾನವನ್ನು ನೀವು ಹೊರಗಿನಿಂದಲಾದರೂ ನೋಡಿರಬಹುದು. ಬೆಂಗಳೂರಿನ ಗಾಲ್ಫ್ ಕ್ಲಬ್ಬು ೧೮೭೬ರಷ್ಟು ಹಿಂದಿನದು. ಇಂಥ ಮೈದಾನಗಳಲ್ಲಿ ಆಟಗಾರರನ್ನೂ ಅವರ ಸಾಮಗ್ರಿಯನ್ನೂ ಒಯ್ಯಲು ಹುಟ್ಟಿದ ಪುಟ್ಟ ನಾಲ್ಕುಗಾಲಿಯ ವಾಹನವೇ ಗಾಲ್ಫ್ ಗಾಡಿ. ಇದರಲ್ಲಿ ಎರಡು ಜಾತಿ. ವಂಡಲೂರಿನ ಮೃಗಾಲಯದಲ್ಲಿ ಜನರನ್ನು ಕೂರಿಸಿಕೊಂಡು ನಿಶ್ಶಬ್ದವಾಗಿ ಸಾಗುವ ಗಾಡಿಗಳಂತೆ ಬ್ಯಾಟರಿಯಿಂದ ನಡೆಯುವುದು ಒಂದು. ಪೆಟ್ರೋಲಿನಿಂದ ನಡೆಯುವುದು ಮತ್ತೊಂದು.

ಪೆಟ್ರೋಲಿನ ಗಾಲ್ಫ್ ಗಾಡಿಯ ಆಸನವನ್ನು ಮೇಲೆತ್ತಿದರೆ ಟ್ಯಾಂಕು, ಕೊಳವೆ, ಸೋಸುವ ಡಬ್ಬಿ, ಪಂಪು, ಕಾರ್ಬುರೇಟರು, ಬ್ಯಾಟರಿ ಎಲ್ಲವೂ ಒಂದರ ಪಕ್ಕದಲ್ಲಿ ಒಂದು ಕಾಣಿಸುತ್ತವೆ. ಈ ಅಂಗಗಳೇ ಅಲ್ಪಸ್ವಲ್ಪ ಭೇದದಿಂದ ಹಳೆಯ ಸ್ಕೂಟರಿನಲ್ಲಿಯೂ, ವಿದ್ಯುತ್ತು ಹೋದಾಗ ಅಂಗಡಿಗಳ ಮುಂದೆ ಗುಡುಗುಟ್ಟುವ ಪುಟ್ಟ ಜನರೇಟರಿನಲ್ಲಿಯೂ ಇವೆ. ಒಂದನ್ನು ಚೆನ್ನಾಗಿ ತಿಳಿದವನಿಗೆ ಉಳಿದುವು ತಾವಾಗಿಯೇ ತಿಳಿಯುವುವು.

ಪೆಟ್ರೋಲಿನ ಸ್ವಭಾವ

ಸಾಮಾನ್ಯವಾಗಿ ಪೆಟ್ರೋಲು ಉರಿಯುತ್ತದೆ ಎಂದು ನಾವು ಹೇಳುವುದುಂಟು. ಶಾಸ್ತ್ರದೃಷ್ಟಿಯಿಂದ ಈ ಮಾತು ಸರಿಯಲ್ಲ. ಉರಿಯುವುದು ದ್ರವವಲ್ಲ, ಅದರಿಂದೇಳುವ ಆವಿ. ಸೀಮೆಎಣ್ಣೆಯನ್ನು ಸುಮಾರು ೩೫ ಡಿಗ್ರಿ ಸೆಲ್ಸಿಯಸ್ಸಿಗೆ ಮೇಲೆ ಬಿಸಿ ಮಾಡಿದ ಹೊರತು ಅದರಿಂದ ಹೊತ್ತಿಕೊಳ್ಳುವಷ್ಟು ಆವಿ ಹೊರಡುವುದಿಲ್ಲ. ಪೆಟ್ರೋಲಾದರೋ ಸೊನ್ನೆಗಿಂತ ಸುಮಾರು ೪೦ ಡಿಗ್ರಿ ಕೆಳಗಿನ ಕೊರೆಯುವ ಚಳಿಯಲ್ಲಿಯೂ ಅಷ್ಟು ಆವಿಯನ್ನು ಬಿಡುತ್ತದೆ. ಹೀಗಿರುವಾಗ ೩೦ ಡಿಗ್ರಿಯ ಚೆನ್ನೈ ಹವೆಯಲ್ಲಿ ಮುಚ್ಚಳ ತೆಗೆದ ಪೆಟ್ರೋಲು ಸದಾ ಆವಿಯ ಬುಗ್ಗೆಯಾಗಿರುವುದೆಂದು ತಿಳಿಯಬೇಕು.

೧೯೧೪ನೆಯ ಸೆಪ್ಟೆಂಬರ್ ೨೨ರ ರಾತ್ರಿ ಜರ್ಮನಿಯ ಎಮ್ಡನ್ ಎಂಬ ಯುದ್ಧನೌಕೆಯು ಮದರಾಸಿನ ಬಂದರಿನ ಬಳಿ ಬರ್ಮಾ ಆಯಿಲ್ ಕಂಪೆನಿಯ ತೊಟ್ಟಿಗಳ ಮೇಲೆ ಗುಂಡು ಹಾರಿಸಿದ ಕಥೆ ಪ್ರಸಿದ್ಧವಾಗಿದೆ. ಅಂದು ಧಗಧಗಿಸಿ ಉರಿದದ್ದು ಸೀಮೆಎಣ್ಣೆ. ಅದನ್ನು ಹೊತ್ತಿಸಲು ಫಿರಂಗಿಯ ಗುಂಡು ಬೇಕಾಯಿತು. ಪೆಟ್ರೋಲಿನ ಆವಿಗಾದರೆ ಒಂದು ಸ್ವಿಚ್ಚಿನೊಳಗಿನ ಕಣ್ಣಿಗೆ ಕಾಣದ ಕಿಡಿ ಸಾಕು.

ಎರಡನೆಯ ಗುಣ ಇನ್ನೂ ಮುಖ್ಯವಾದದ್ದು. ಪೆಟ್ರೋಲಿನ ಆವಿಯು ಗಾಳಿಗಿಂತ ಸುಮಾರು ಮೂರರಿಂದ ನಾಲ್ಕು ಪಟ್ಟು ಭಾರ. ಹೊಗೆಯಂತೆ ಅದು ಮೇಲಕ್ಕೇರಿ ಚದುರಿಹೋಗುವುದಿಲ್ಲ. ನೀರಿನಂತೆ ನೆಲವನ್ನು ಹಿಡಿದು, ಇಳಿಜಾರನ್ನು ಹುಡುಕಿ, ಹಳ್ಳದಲ್ಲಿ ನಿಲ್ಲುತ್ತದೆ. ನಿಂತಿರುವವನ ಮೂಗಿಗೆ ವಾಸನೆ ಸ್ವಲ್ಪವೇ ತಿಳಿಯುತ್ತಿರುವಾಗಲೂ ಅವನ ಪಾದಗಳ ಬಳಿ ಅಪಾಯವು ತುಂಬಿಕೊಂಡಿರಬಹುದು.

ಮೂರನೆಯದಾಗಿ, ಎಷ್ಟು ಆವಿ ಇದ್ದರೆ ಅಪಾಯ? ಗಾಳಿಯ ನೂರು ಭಾಗಗಳಲ್ಲಿ ಸುಮಾರು ೧.೪ ಭಾಗದಿಂದ ೭.೬ ಭಾಗದವರೆಗೆ ಪೆಟ್ರೋಲಿನ ಆವಿ ಬೆರೆತಿದ್ದರೆ ಆ ಮಿಶ್ರಣ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವುದು. ವಿದ್ಯಾರ್ಥಿಗಳು ಇದನ್ನು ಲೆಕ್ಕ ಮಾಡಿ ನೋಡಬಹುದು. ಒಂದು ಲೀಟರು ಪೆಟ್ರೋಲು ಪೂರ್ತಿಯಾಗಿ ಆರಿದರೆ ಸ್ಥೂಲವಾಗಿ ೧೮೦ ಲೀಟರು ಆವಿಯಾಗುತ್ತದೆ. ಹಾಗಾದರೆ ೧೦೦ ಮಿಲಿಲೀಟರಿನ ಒಂದು ಸಣ್ಣ ಲೋಟದಷ್ಟು ಚೆಲ್ಲಿದರೆ ೧೮ ಲೀಟರು ಆವಿ. ೧೮ನ್ನು ೧.೪ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ೧೨೮೫ ಲೀಟರು, ಎಂದರೆ ಒಂದೂಕಾಲು ಘನಮೀಟರಿಗಿಂತ ಹೆಚ್ಚು ಗಾಳಿಯನ್ನು ದಹನಯೋಗ್ಯವಾಗಿ ಮಾಡಲು ಆ ಒಂದು ಲೋಟ ಸಾಲುತ್ತದೆ. ನೀರು ಸಂಗ್ರಹಿಸುವ ಸಂಪಿನ ಪಕ್ಕದಲ್ಲಿ ಮೋಟಾರು ಇಡುವ ಗುಂಡಿಯ ಗಾತ್ರವನ್ನು ನೆನೆದುಕೊಂಡರೆ ಈ ಅಂಕಿಯ ಅರ್ಥ ಸ್ಪಷ್ಟವಾಗುವುದು.

ಇಂಧನದ ಪಯಣ

ಟ್ಯಾಂಕಿನಿಂದ ಸಿಲಿಂಡರಿನವರೆಗೆ ಪೆಟ್ರೋಲು ಸಾಗುವ ಹಾದಿಯನ್ನು ಈಗ ನೋಡೋಣ. ಟ್ಯಾಂಕಿನ ಮುಚ್ಚಳದಲ್ಲಿ ಅಥವಾ ಅದರ ಸಮೀಪದಲ್ಲಿ ಗಾಳಿ ಒಳಹೋಗಲು ಒಂದು ಸಣ್ಣ ದಾರಿ ಇರುತ್ತದೆ. ಒಳಗಿನ ಪೆಟ್ರೋಲು ಇಳಿದಂತೆಲ್ಲ ಆ ಸ್ಥಳವನ್ನು ಗಾಳಿ ತುಂಬಬೇಕು; ಇಲ್ಲವಾದರೆ ಬೆರಳಿನಿಂದ ಮೇಲ್ತುದಿಯನ್ನು ಮುಚ್ಚಿದ ಕೊಳವೆಯಿಂದ ನೀರು ಇಳಿಯದಂತೆ ಪೆಟ್ರೋಲೂ ಇಳಿಯಲಾರದು. ಬಂಡಿಯು ಸ್ವಲ್ಪ ದೂರ ಓಡಿ ನಿಂತು, ಮುಚ್ಚಳ ತೆರೆದೊಡನೆ ಮತ್ತೆ ಹೊರಟರೆ ಈ ಗಾಳಿದಾರಿ ಕಟ್ಟಿದೆಯೆಂದು ಊಹಿಸಬಹುದು.

ಟ್ಯಾಂಕಿನಿಂದ ಹೊರಟ ಪೆಟ್ರೋಲು ರಬ್ಬರು ಕೊಳವೆಯ ಮೂಲಕ ಸೋಸುವ ಡಬ್ಬಿಗೆ ಬರುತ್ತದೆ. ತುಕ್ಕಿನ ಪುಡಿ, ಮರಳು ಮುಂತಾದ ಕಶ್ಮಲಗಳು ಅಲ್ಲಿ ಉಳಿಯುತ್ತವೆ. ಸ್ಕೂಟರಿನಲ್ಲಿ ಟ್ಯಾಂಕು ಎತ್ತರದಲ್ಲಿದ್ದರೆ ಪೆಟ್ರೋಲು ತಾನಾಗಿ ಇಳಿಯುವುದು. ಗಾಲ್ಫ್ ಗಾಡಿಯಲ್ಲಿ ಹಾಗಾಗದ ಕಾರಣ ಒಂದು ಪುಟ್ಟ ಪಂಪು ಬೇಕು. ಎಂಜಿನಿನ ಹೊಟ್ಟೆಯೊಳಗೆ ಪಿಸ್ಟನ್ನಿನ ಚಲನೆಯಿಂದ ಒತ್ತಡವು ಏರಿಳಿಯುತ್ತಿರುತ್ತದೆ. ಆ ಏರಿಳಿತವನ್ನು ಒಂದು ಸಣ್ಣ ಕೊಳವೆಯಿಂದ ತಂದು ಪಂಪಿನೊಳಗಿನ ತೆಳುವಾದ ಪೊರೆಗೆ ತಾಗಿಸುತ್ತಾರೆ. ಪೊರೆಯು ನಮ್ಮ ಎದೆಯಂತೆ ಬಡಿದುಕೊಂಡು ಪೆಟ್ರೋಲನ್ನು ಸೆಳೆದು ಮುಂದೂಡುತ್ತದೆ.

ಅಲ್ಲಿಂದ ಪೆಟ್ರೋಲು ಕಾರ್ಬುರೇಟರಿನ ಬಟ್ಟಲಿಗೆ ಬೀಳುತ್ತದೆ. ಬಟ್ಟಲಿನಲ್ಲಿ ಒಂದು ತೇಲುಬುರುಡೆ. ಅದಕ್ಕೆ ಹೊಂದಿಕೊಂಡು ಸೂಜಿಯಂಥ ಒಂದು ಕವಾಟ. ಮಟ್ಟ ಏರಿದಾಗ ಬುರುಡೆ ಮೇಲೆ ತೇಲಿ ಸೂಜಿಯು ದಾರಿಯನ್ನು ಮುಚ್ಚುವುದು, ಇಳಿದಾಗ ತೆರೆಯುವುದು. ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿಯೂ ಇದೇ ಏರ್ಪಾಡಿದೆ. ಪುಣೆಯ ಸಮೀಪದ ಖಡಕವಾಸ್ಲಾ ಜಲಾಶಯದಲ್ಲಿ ೧೯೦೩ರಲ್ಲಿ ವಿಶ್ವೇಶ್ವರಯ್ಯನವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಇಲ್ಲಿ ಸ್ಮರಿಸಬಹುದು. ಅಲ್ಲಿ ನೀರು ನಿಗದಿಯಾದ ಮಟ್ಟವನ್ನು ಮೀರಿದರೆ ಬಾಗಿಲು ತೆರೆಯುವುದು, ಇಲ್ಲಿ ಮಟ್ಟ ಮುಟ್ಟಿದರೆ ಬಾಗಿಲು ಮುಚ್ಚುವುದು. ಕೆಲಸ ಬೇರೆಯಾದರೂ ತತ್ತ್ವ ಒಂದೇ: ಕಾವಲುಗಾರನ ನೆರವಿಲ್ಲದೆ ದ್ರವದ ಮಟ್ಟವೇ ಬಾಗಿಲಿಗೆ ಆಜ್ಞೆ ಮಾಡುತ್ತದೆ. ಸೂಜಿಯ ತುದಿಯಲ್ಲಿ ಒಂದು ಕಣ ಕಸ ಸಿಕ್ಕಿಕೊಂಡರೆ ಬಾಗಿಲು ಮುಚ್ಚದು. ಬಟ್ಟಲು ತುಂಬಿ ಪೆಟ್ರೋಲು ಹೊರಗೆ ತೊಟ್ಟಿಕ್ಕತೊಡಗುವುದು.

ಬಟ್ಟಲಿನ ಪೆಟ್ರೋಲು ಗಾಳಿಯೊಡನೆ ಬೆರೆಯುವ ಬಗೆಯೂ ಸೊಗಸಾದದ್ದು. ಎರಡು ಕಾಗದದ ಹಾಳೆಗಳನ್ನು ಹತ್ತಿರ ತೂಗುಹಾಕಿ ನಡುವೆ ಊದಿ ನೋಡಿ. ಅವು ದೂರ ಸರಿಯುವ ಬದಲು ಒಂದನ್ನೊಂದು ಸಮೀಪಿಸುವುವು. ವೇಗವಾಗಿ ಹರಿಯುವ ಗಾಳಿಯಲ್ಲಿ ಒತ್ತಡ ಕಡಮೆ. ಡೇನಿಯಲ್ ಬರ್ನೂಲಿ ಎಂಬ ವಿಜ್ಞಾನಿ ೧೭೩೮ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ನಿಯಮಕ್ಕೆ ಅವನ ಹೆಸರು ಬಂದಿದೆ. ಕಾರ್ಬುರೇಟರಿನ ಇಕ್ಕಟ್ಟಾದ ಕೊರಳಿನಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಒತ್ತಡ ಕುಗ್ಗಿ, ಬಟ್ಟಲಿನ ಪೆಟ್ರೋಲು ಹಿತ್ತಾಳೆಯ ಸಣ್ಣ ರಂಧ್ರದ ಮೂಲಕ ಚಿಮ್ಮಿ ಮಂಜಾಗುತ್ತದೆ. ಈ ರಂಧ್ರಕ್ಕೆ ಜೆಟ್ ಎಂದು ಹೆಸರು. ಇಂಥ ಸಿಂಪಡಿಸುವ ಕಾರ್ಬುರೇಟರನ್ನು ೧೮೯೩ರಲ್ಲಿ ರೂಪಿಸಿದ ಕೀರ್ತಿ ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್‌ಗೆ ಸಲ್ಲುತ್ತದೆ. ತೂಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು ೧೪.೭ ಭಾಗ ಗಾಳಿ ಸೇರಿದರೆ ದಹನ ಪೂರ್ಣವಾಗುವುದು.

ಭಾರತ್ ಸ್ಟೇಜ್ ಆರು ಎಂಬ ನಿಯಮವು ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಬಳಿಕ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಬಹುಮಟ್ಟಿಗೆ ಕಾರ್ಬುರೇಟರಿನ ಸ್ಥಾನವನ್ನು ಇಂಧನ ಚಿಮ್ಮುವ ವಿದ್ಯುನ್ನಿಯಂತ್ರಿತ ಸಾಧನವು ಆಕ್ರಮಿಸಿದೆ. ಅದರ ಕೊಳವೆಯಲ್ಲಿ ಪೆಟ್ರೋಲು ವಾಯುಮಂಡಲದ ಒತ್ತಡದ ಸುಮಾರು ಮೂರರಷ್ಟು ಒತ್ತಡದಲ್ಲಿರುತ್ತದೆ. ಎಂಜಿನು ನಿಂತ ಮೇಲೂ ಆ ಒತ್ತಡ ಉಳಿದಿರಬಹುದಾದ್ದರಿಂದ ಕೊಳವೆಯನ್ನು ಸಡಿಲಿಸಿದೊಡನೆ ಪೆಟ್ರೋಲು ಮುಖಕ್ಕೇ ಚಿಮ್ಮೀತು. ಇಂಥ ವಾಹನವನ್ನು ಮನೆಯಲ್ಲಿ ಬಿಚ್ಚುವುದು ಸರ್ವಥಾ ತರವಲ್ಲ. ಮುಂದೆ ಹೇಳುವ ಕ್ರಮವು ಕಾರ್ಬುರೇಟರುಳ್ಳ ಹಳೆಯ ಬಂಡಿಗಳಿಗೆ ಮಾತ್ರ ಸಂಬಂಧಿಸಿದ್ದು.

ರೋಗದ ಮೂಲ

ಇಂಧನಾಂಗಗಳ ರೋಗಗಳು ಹೆಚ್ಚಾಗಿ ಮೂರು: ನೀರು, ಕಸ, ಸವೆತ. ಹಳೆಯ ಕಾಲದಿಂದಲೂ ಈ ತೊಂದರೆ ಬಂಡಿಯ ಬೆನ್ನು ಬಿಟ್ಟಿಲ್ಲ. ೧೮೮೮ರ ಆಗಸ್ಟ್ ತಿಂಗಳಲ್ಲಿ, ಮೋಟಾರು ಬಂಡಿಯನ್ನು ನಿರ್ಮಿಸಿದ ಕಾರ್ಲ್ ಬೆಂಜ್‌ನ ಪತ್ನಿ ಬೆರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಡನೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ದೂರವನ್ನು ಆ ಬಂಡಿಯಲ್ಲಿಯೇ ಕ್ರಮಿಸಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಪಿನ್ನಿನಿಂದ ಅದನ್ನು ಬಿಡಿಸಿದಳೆಂದು ಪ್ರತೀತಿ. ಇಂಧನವು ಮುಗಿದಾಗ ವೀಸ್ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಅದನ್ನು ಕೊಂಡಳು. ಮೋಟಾರು ಬಂಡಿಯ ಮೊದಲ ದೀರ್ಘಪ್ರವಾಸದಲ್ಲಿ ಚಾಲಕಿಯೇ ದುರಸ್ತಿಯನ್ನೂ ಮಾಡಿದಳೆಂಬುದು ಗಮನಾರ್ಹ.

ನಮ್ಮ ಊರಿನಲ್ಲಿ ಈಶಾನ್ಯ ಮಾರುತದ ಮಳೆಯು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿಯುತ್ತದೆ. ೨೦೧೫ರ ಡಿಸೆಂಬರಿನ ಪ್ರವಾಹದಲ್ಲಿಯೂ ೨೦೨೩ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿಯೂ ಚೆನ್ನೈಯಲ್ಲಿ ಎಷ್ಟೋ ಬಂಡಿಗಳು ನೀರಿನಲ್ಲಿ ಮುಳುಗಿದುವು. ಟ್ಯಾಂಕಿಗೆ ಸೇರಿದ ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುವುದು. ಪೆಟ್ರೋಲು ಹೊರಡುವ ದಾರಿಯೂ ತಳದ ಬಳಿಯೇ ಇರುವುದು. ಇದಲ್ಲದೆ ಪೆಟ್ರೋಲಿಗೆ ಎಥನಾಲನ್ನು ಬೆರೆಸುವ ಪದ್ಧತಿ ಈಗ ಬಂದಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲುಳ್ಳ ಪೆಟ್ರೋಲಿನ ಮಾರಾಟಕ್ಕೆ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥನಾಲಿಗೆ ನೀರನ್ನು ಹೀರುವ ಗುಣವಿದೆ. ನೀರು ಒಂದು ಮಿತಿಯನ್ನು ಮೀರಿದರೆ ಎಥನಾಲು ಪೆಟ್ರೋಲನ್ನು ಬಿಟ್ಟು ನೀರಿನೊಡನೆ ಕೂಡಿ ತಳಕ್ಕಿಳಿಯುತ್ತದೆ. ಆ ಮಿಶ್ರಣಕ್ಕೆಂದು ತಯಾರಾಗದ ಹಳೆಯ ರಬ್ಬರು ಕೊಳವೆಗಳು ಅದರಿಂದ ಉಬ್ಬಿ ಅಥವಾ ಬಿರಿದು ಕೆಡುವುದೂ ಉಂಟು. ಆದುದರಿಂದ ಹಳೆಯ ಬಂಡಿಯ ಕೊಳವೆಗಳನ್ನು ಆಗಾಗ ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಾಯಿಸುವುದು ಅವಶ್ಯ.

ಸ್ಥಳದ ಆಯ್ಕೆ

ಇಂಧನದ ಕೆಲಸದಲ್ಲಿ ಉಪಕರಣಕ್ಕಿಂತ ಮೊದಲು ಸ್ಥಳವನ್ನು ಯೋಚಿಸಬೇಕು. ಅಣ್ಣಾ ನಗರದ ಬಹುಪಾಲು ವಸತಿ ಕಟ್ಟಡಗಳು ಕಂಬಗಳ ಮೇಲೆ ನಿಂತಿದ್ದು, ಕೆಳಗಿನ ಅಂತಸ್ತು ವಾಹನಗಳಿಗೆ ಮೀಸಲು. ಅದೇ ಸ್ಥಳದಲ್ಲಿ ಗೋಡೆಗೆ ವಿದ್ಯುತ್ ಮೀಟರುಗಳು, ಲಿಫ್ಟಿನ ತಳ, ಸಂಪು, ನೀರೆತ್ತುವ ಮೋಟಾರು ಇವೂ ಇರುತ್ತವೆ. ಈ ಮೋಟಾರು ಎಷ್ಟೋ ಕಡೆ ತೊಟ್ಟಿಯಲ್ಲಿ ನೀರು ಇಳಿದಾಗ ತಾನೇ ಚಾಲೂ ಆಗುವುದು. ಕೆಲಸ ಮಾಡುವವನು ಯಾವ ಸ್ವಿಚ್ಚನ್ನೂ ಮುಟ್ಟದೆ ಎಚ್ಚರದಿಂದಿದ್ದರೂ, ತಗ್ಗಿಗೆ ಇಳಿದು ನಿಂತ ಆವಿಗೆ ಆ ಸ್ವಯಂಚಾಲಿತ ಸ್ವಿಚ್ಚು ಕಿಡಿಯನ್ನು ಒದಗಿಸೀತು.

ಕಾಲವನ್ನೂ ಯೋಚಿಸಬೇಕು. ತಮಿಳುನಾಡಿನಲ್ಲಿ ಕಾರ್ತಿಕೈ ದೀಪದ ಹಬ್ಬವು ನವೆಂಬರ್ ಅಥವಾ ಡಿಸೆಂಬರಿನಲ್ಲಿ, ಸರಿಯಾಗಿ ಮಳೆಗಾಲದ ನಡುವೆ ಬರುತ್ತದೆ. ಬಂಡಿಗಳು ಕೆಡುವುದೂ ಆಗಲೇ. ಅಂದಿನ ಸಂಜೆ ಹೊಸ್ತಿಲು, ಮೆಟ್ಟಿಲು, ಕೋಲದ ನಡುವೆ, ಎಲ್ಲೆಲ್ಲಿಯೂ ನೆಲದ ಮೇಲೆಯೇ ಹಣತೆಗಳ ಸಾಲು. ನೆಲವನ್ನು ಹಿಡಿದು ಹರಿಯುವ ಆವಿಗೂ ನೆಲದ ಮೇಲೆ ಉರಿಯುವ ದೀಪಕ್ಕೂ ಅಂದು ಅಂತರವೇ ಇರದು. ನಮ್ಮ ಕನ್ನಡ ಮನೆಗಳ ದೀಪಾವಳಿಗೂ ಈ ಮಾತು ಸಲ್ಲುತ್ತದೆ. ಹಬ್ಬದ ದಿನ ಪೆಟ್ರೋಲಿನ ಮುಚ್ಚಳವನ್ನು ತೆರೆಯಲೇಬಾರದು.

ಆದುದರಿಂದ ಬಂಡಿಯನ್ನು ತಳ್ಳಿಕೊಂಡು, ಮೇಲೆ ಮಾಡಿಲ್ಲದ, ಗಾಳಿಯಾಡುವ, ಚರಂಡಿಗಾಗಲಿ ಸಂಪಿಗಾಗಲಿ ಇಳಿಜಾರಿಲ್ಲದ ಬಯಲಿಗೆ ತರಬೇಕು. ಹಗಲಿನಲ್ಲಿಯೇ ಕೆಲಸ ಮುಗಿಸಬೇಕು. ತಂತಿಯ ದೀಪವನ್ನು ಎಳೆದು ತಂದು ರಾತ್ರಿ ಮಾಡುವುದು ಸಲ್ಲದು.

ಕೆಲಸದ ಕ್ರಮ

ಮೊದಲನೆಯದಾಗಿ, ಎಂಜಿನು ಪೂರ್ತಿಯಾಗಿ ತಣ್ಣಗಾಗಬೇಕು. ಈಗತಾನೇ ಓಡಿ ಬಂದ ಬಂಡಿಯ ಹೊಗೆಕೊಳವೆಯ ಮೇಲೆ ಪೆಟ್ರೋಲು ತೊಟ್ಟಿಕ್ಕುವುದು ಬೆಂಕಿಗೆ ಆಹ್ವಾನವಿತ್ತಂತೆ. ಸಮೀಪದಲ್ಲಿ ಬೀಡಿ, ಸಿಗರೇಟು, ಊದುಬತ್ತಿ, ಒಲೆ ಯಾವುದೂ ಇರಕೂಡದು. ಮೊಬೈಲನ್ನು ದೂರದಲ್ಲಿಡುವುದು ಲೇಸು, ಅದು ಗಮನವನ್ನೂ ಕದಿಯುವುದು. ಒಣಪುಡಿಯ ಅಗ್ನಿಶಾಮಕವೊಂದು, ಇಲ್ಲವೆ ಎರಡು ಬಕೆಟ್ಟು ಒಣಮರಳು ಕೈಗೆಟುಕುವಂತಿರಬೇಕು.

ಎರಡನೆಯದಾಗಿ, ಕೀಲಿಯನ್ನು ತೆಗೆದು ಬ್ಯಾಟರಿಯ ಋಣತಂತಿಯನ್ನು ಬಿಡಿಸಬೇಕು. ಇದನ್ನು ಪೆಟ್ರೋಲಿನ ಯಾವ ಭಾಗವನ್ನೂ ತೆರೆಯುವ ಮೊದಲೇ ಮಾಡತಕ್ಕದ್ದು. ಏಕೆಂದರೆ ತಂತಿ ಬಿಡಿಸುವಾಗಲೂ ಸಣ್ಣ ಕಿಡಿ ಹಾರಬಹುದು. ಈಗಾಗಲೇ ಪೆಟ್ರೋಲಿನ ವಾಸನೆ ಬಲವಾಗಿ ಬರುತ್ತಿದ್ದರೆ ತಂತಿಯನ್ನಾಗಲಿ ಸ್ವಿಚ್ಚನ್ನಾಗಲಿ ಮುಟ್ಟದೆ ದೂರ ಸರಿದು, ಗಾಳಿಯಿಂದ ಆವಿ ಚದುರುವವರೆಗೆ ಕಾಯಬೇಕು. ಗಾಲ್ಫ್ ಗಾಡಿಯ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಅನೇಕ ಗಾಲ್ಫ್ ಗಾಡಿಗಳಲ್ಲಿ ವೇಗದ ಪೆಡಲನ್ನು ಒತ್ತಿದೊಡನೆ ಎಂಜಿನು ತಾನೇ ಚಾಲೂ ಆಗುವುದು. ಕೀಲಿಯನ್ನು ತೆಗೆಯದೆ ಬಿಟ್ಟಿದ್ದಾಗ, ಆಟಕ್ಕೆಂದು ಹತ್ತಿದ ಮಗುವಿನ ಕಾಲು ಪೆಡಲಿಗೆ ತಾಗಿದರೆ ಕಿಡಿಯೂ ಹುಟ್ಟುವುದು, ಬಂಡಿಯೂ ನುಗ್ಗುವುದು. ಗಾಲಿಗಳಿಗೆ ಅಡ್ಡಗಲ್ಲು ಕೊಡುವುದನ್ನೂ ಮರೆಯಬಾರದು.

ಮೂರನೆಯದಾಗಿ, ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ತೆರೆದು ಒಳಗಿನ ಒತ್ತಡವನ್ನು ಬಿಟ್ಟು, ಕೆಟ್ಟ ಪೆಟ್ರೋಲನ್ನು ಬಿಗಿಮುಚ್ಚಳದ ಲೋಹದ ಡಬ್ಬಿಗೆ ಇಳಿಸಬೇಕು. ಡಬ್ಬಿ ನೆಲದ ಮೇಲಿರಬೇಕು. ಲೋಹದ ಆಲಿಕೆಯು ಡಬ್ಬಿಯ ಬಾಯಿಗೆ ತಾಗಿಕೊಂಡಿರಬೇಕು. ಹರಿಯುವ ಪೆಟ್ರೋಲಿನಿಂದಲೂ ವಿದ್ಯುದಾವೇಶ ಹುಟ್ಟಿ ಕಿಡಿ ಹಾರುವ ಸಂಭವ ಇರುವುದೇ ಇದಕ್ಕೆ ಕಾರಣ. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಗೆ ಪೆಟ್ರೋಲು ತುಂಬುವ ಅಭ್ಯಾಸ ಎರಡು ಬಗೆಯಲ್ಲಿ ಕೆಟ್ಟದ್ದು: ಬಾಟಲಿ ಸೋರಬಹುದು, ಅದಕ್ಕಿಂತ ಭಯಂಕರವಾಗಿ, ಬಾಯಾರಿದ ಮಗುವೊಂದು ಅದನ್ನು ನೀರೆಂದು ಎತ್ತಿ ಕುಡಿಯಬಹುದು.

ಕೊಳವೆಯನ್ನು ಬಾಯಲ್ಲಿಟ್ಟು ಪೆಟ್ರೋಲನ್ನು ಹೀರುವುದಂತೂ ಎಂದಿಗೂ ಕೂಡದು. ಹೊಟ್ಟೆಗೆ ಹೋದ ಪೆಟ್ರೋಲಿಗಿಂತ ಶ್ವಾಸಕೋಶಕ್ಕೆ ಇಳಿದ ಕೆಲವು ತೊಟ್ಟುಗಳು ಹೆಚ್ಚು ಮಾರಕ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬಾರದು. ಮೇಲಕ್ಕೆ ಬರುವಾಗ ಅದು ಶ್ವಾಸಕೋಶಕ್ಕೆ ಸೇರುವ ಭಯವಿದೆ. ಕೂಡಲೆ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ.

ನಾಲ್ಕನೆಯದಾಗಿ, ಸೋಸುವ ಡಬ್ಬಿಯನ್ನು ಬದಲಾಯಿಸುವಾಗ ಅದರ ಮೇಲಿನ ಬಾಣದ ಗುರುತು ಪೆಟ್ರೋಲು ಹರಿಯುವ ದಿಕ್ಕನ್ನು ತೋರುವಂತೆ ಇಡಬೇಕು. ಹಳೆಯ ಕೊಳವೆಗೆ ಬದಲು ಪೆಟ್ರೋಲಿಗೆಂದೇ ತಯಾರಾದ ಕೊಳವೆಯನ್ನು ಹಾಕಬೇಕು. ನೀರಿನ ಪ್ಲಾಸ್ಟಿಕ್ ಕೊಳವೆ ಕೆಲದಿನಗಳಲ್ಲಿ ಗಡುಸಾಗಿ ಬಿರಿಯುವುದು. ಎರಡು ತುದಿಗೂ ಬಿಗಿಪಟ್ಟಿ ಇರಬೇಕು.

ಐದನೆಯದಾಗಿ, ಕಾರ್ಬುರೇಟರಿನ ಬಟ್ಟಲನ್ನು ಬಿಚ್ಚಿ, ಅದಕ್ಕೆಂದೇ ದೊರೆಯುವ ದ್ರವದಿಂದ ಮೃದುವಾದ ಕುಂಚದಲ್ಲಿ ತೊಳೆಯಬೇಕು; ಆ ದ್ರವವೂ ಉರಿಯುವಂಥದೇ ಆಗಿರಬಹುದಾದ್ದರಿಂದ ಅದಕ್ಕೂ ಇದೇ ಎಚ್ಚರ ಸಲ್ಲುತ್ತದೆ. ಜೆಟ್ಟಿನ ರಂಧ್ರಕ್ಕೆ ಉಕ್ಕಿನ ತಂತಿಯನ್ನು ತೂರಿಸಬಾರದು. ಬೆರ್ತಾ ಬೆಂಜ್ ಪಿನ್ನನ್ನು ಬಳಸಿದ್ದು ಕೊಳವೆಗೆ. ಕೂದಲೆಳೆಯಂತೆ ಅಳತೆಯಿಟ್ಟು ಕೊರೆದ ಹಿತ್ತಾಳೆಯ ಜೆಟ್ಟಿಗಲ್ಲ. ತಂತಿಯಿಂದ ಗೀರಿ ಅಗಲವಾದ ರಂಧ್ರವು ಹೆಚ್ಚು ಪೆಟ್ರೋಲನ್ನು ಬಿಟ್ಟು ಹೊಗೆಯನ್ನೂ ಖರ್ಚನ್ನೂ ಹೆಚ್ಚಿಸುವುದು. ಗಾಳಿಯನ್ನು ಊದಿ ಸ್ವಚ್ಛಗೊಳಿಸುವಾಗ ಕಣ್ಣಿಗೆ ಕನ್ನಡಕ ಅವಶ್ಯ.

ಕಡೆಯದಾಗಿ, ಎಲ್ಲವನ್ನೂ ಜೋಡಿಸಿ, ಸ್ವಲ್ಪ ಹೊಸ ಪೆಟ್ರೋಲು ಹಾಕಿ, ಚಾಲೂ ಮಾಡುವ ಮೊದಲು ಕೆಲವು ನಿಮಿಷ ಕಾದು ಪ್ರತಿಯೊಂದು ಸಂಧಿಯಲ್ಲಿಯೂ ಸೋರಿಕೆ ಇದೆಯೇ ಎಂದು ನೋಡಬೇಕು. ಚೆಲ್ಲಿದ್ದನ್ನು ಮರಳಿನಿಂದ ಹೀರಿಸಿ, ನೆಲ ಆರಿ ವಾಸನೆ ಅಡಗಿದ ಮೇಲೆಯೇ ಬ್ಯಾಟರಿಯನ್ನು ಜೋಡಿಸತಕ್ಕದ್ದು. ಪೆಟ್ರೋಲು ಅಂಟಿದ ಬಟ್ಟೆಗಳನ್ನು ಬಯಲಿನಲ್ಲಿ ಹರಡಿ ಆರಿಸಬೇಕು. ಕೆಟ್ಟ ಪೆಟ್ರೋಲನ್ನು ಚರಂಡಿಗೆ ಸುರಿಯಬಾರದು. ಮುಚ್ಚಿದ ಚರಂಡಿಯಲ್ಲಿ ಆವಿಯು ಬಹುದೂರ ಹರಿದು, ಸಂಬಂಧವೇ ಇಲ್ಲದ ಮನೆಯೊಂದರ ಬಳಿ ಹೊತ್ತಿಕೊಳ್ಳಬಹುದು. ಓಟ್ಟೇರಿ ನಾಲೆಯನ್ನು ಸೇರಿ ಜಲವನ್ನು ಕೆಡಿಸುವುದು ಮತ್ತೊಂದು ಕೇಡು. ಅದನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ವರ್ಕ್‌ಷಾಪಿಗೆ ಒಪ್ಪಿಸುವುದು ಯೋಗ್ಯ.

ಕಾನೂನು ಮತ್ತು ಆರೋಗ್ಯ

೧೯೩೪ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತ ಉಪಯೋಗಕ್ಕಾಗಿ ೩೦ ಲೀಟರಿನವರೆಗೆ ಪೆಟ್ರೋಲನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದರೂ, ಪಾತ್ರೆಗಳು ಬಿಗಿಮುಚ್ಚಳವುಳ್ಳವಾಗಿರಬೇಕೆಂಬ ನಿಬಂಧನೆ ಉಂಟು. ಕಾನೂನು ಬಿಟ್ಟಿರುವ ಮಾತ್ರಕ್ಕೆ ಮನೆಯಲ್ಲಿ ಕೂಡಿಡುವುದು ವಿವೇಕವಲ್ಲ. ಮೊದಲು ಮಾಡಿದ ಲೆಕ್ಕವನ್ನು ೩೦ ಲೀಟರಿಗೆ ಅನ್ವಯಿಸಿ ನೋಡಿದರೆ ವಿದ್ಯಾರ್ಥಿಗಳಿಗೆ ಕಾರಣ ಹೊಳೆಯುವುದು.

ಪೆಟ್ರೋಲಿನಲ್ಲಿ ಬೆನ್‌ಜೀನ್ ಎಂಬ ದ್ರವ್ಯವಿದೆ. ನಮ್ಮ ದೇಶದ ಈಗಿನ ನಿಯಮದಂತೆ ಅದು ನೂರಕ್ಕೆ ಒಂದು ಪಾಲನ್ನು ಮೀರುವಂತಿಲ್ಲ. ಅಷ್ಟೇ ಇದ್ದರೂ, ದೀರ್ಘಕಾಲ ಉಸಿರಿನಿಂದಲೂ ಚರ್ಮದಿಂದಲೂ ದೇಹಕ್ಕೆ ಸೇರಿದರೆ ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಬೀದಿಬದಿಯ ದುರಸ್ತಿ ಅಂಗಡಿಗಳಲ್ಲಿ ಕೈಗೆ ಹತ್ತಿದ ಗ್ರೀಸನ್ನು ಪೆಟ್ರೋಲಿನಿಂದ ತೊಳೆಯುವ ಯುವಕರನ್ನು ನಾವು ನಿತ್ಯ ಕಾಣುತ್ತೇವೆ. ಸಾಬೂನಿನಿಂದ ಆಗುವ ಕೆಲಸಕ್ಕೆ ಅವರು ತೆರುವ ಬೆಲೆ ಬಹು ದೊಡ್ಡದು. ಹದಿನೆಂಟು ವರ್ಷ ತುಂಬದವರನ್ನು ದಹ್ಯವಸ್ತುಗಳ ಅಪಾಯಕರ ಕೆಲಸಕ್ಕೆ ಹಚ್ಚುವುದನ್ನು ೨೦೧೬ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ ನಿಷೇಧಿಸಿದೆ. ನಿಮ್ಮ ವಯಸ್ಸಿನವರೇ ಆದ ಹುಡುಗರು ಅಂಥ ಕೆಲಸದಲ್ಲಿ ತೊಡಗಿರುವುದು ಕಂಡರೆ ಅದು ಸಹಜವೆಂದು ಭಾವಿಸಬಾರದು.

ಜನರೇಟರನ್ನು ಬಳಸುವವರಿಗೆ ಇನ್ನೊಂದು ಮಾತು. ಪೆಟ್ರೋಲು ಉರಿದಾಗ ಇಂಗಾಲದ ಮಾನಾಕ್ಸೈಡ್ ಎಂಬ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಹೊರಡುವುದು. ಮಳೆಗೆ ಹೆದರಿ ಜನರೇಟರನ್ನು ಮನೆಯೊಳಗಿಟ್ಟು ಮಲಗಿದವರು ಮತ್ತೆ ಏಳದ ಪ್ರಸಂಗಗಳುಂಟು. ಅದು ಎಂದಿಗೂ ಹೊರಗೇ, ಕಿಟಕಿಗಳಿಂದ ದೂರವೇ ಇರಬೇಕು. ಓಡುತ್ತಿರುವಾಗ ಅದಕ್ಕೆ ಪೆಟ್ರೋಲು ತುಂಬಬಾರದು.

ಬೆಂಕಿ ಹೊತ್ತಿದರೆ

ಮೊದಲು ಮನುಷ್ಯರು, ಅನಂತರ ಬಂಡಿ. ಉರಿಯುವ ಪೆಟ್ರೋಲಿಗೆ ನೀರೆರಚಿದರೆ ಅದು ನೀರಿನ ಮೇಲೆ ತೇಲಿಕೊಂಡು ಹರಡುವುದು. ಸಣ್ಣ ಬೆಂಕಿಯಾದರೆ ಒಣಪುಡಿಯನ್ನು ಜ್ವಾಲೆಯ ಬುಡಕ್ಕೆ ಸಿಂಪಡಿಸಬೇಕು, ಇಲ್ಲವೆ ಮರಳು ಸುರಿಯಬೇಕು. ಕ್ಷಣದಲ್ಲಿ ಅಡಗದಿದ್ದರೆ ಎಲ್ಲರೂ ದೂರ ಸರಿದು ೧೦೧ ಅಥವಾ ೧೧೨ಕ್ಕೆ ಕರೆ ಮಾಡಬೇಕು. ಬಟ್ಟೆಗೆ ಬೆಂಕಿ ತಗುಲಿದವನು ಓಡಬಾರದು. ನೆಲಕ್ಕೆ ಬಿದ್ದು ಉರುಳ ಬೇಕು, ಇತರರು ದಪ್ಪ ಕಂಬಳಿಯನ್ನು ಹೊದಿಸಬೇಕು. ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಲಿ. ಶಾಯಿ, ಹಲ್ಲುಜ್ಜುವ ಪೇಸ್ಟು, ಅರಿಸಿನ, ಎಣ್ಣೆ ಯಾವುದನ್ನೂ ಹಚ್ಚಕೂಡದು. ೧೦೮ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುವುದು; ಸುಟ್ಟಗಾಯಗಳ ಚಿಕಿತ್ಸೆಗೆ ಹೆಸರಾದ ಕೀಳ್ಪಾಕ್ಕಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅಣ್ಣಾ ನಗರಕ್ಕೆ ದೂರವಿಲ್ಲ.

ಉಪಸಂಹಾರ

ವಿದ್ಯಾರ್ಥಿಗಳು ಈ ಲೇಖನವನ್ನು ಓದಿದೊಡನೆ ಸ್ಪ್ಯಾನರು ಹಿಡಿದು ಬಂಡಿಯ ಬಳಿ ಕೂರಬೇಕೆಂಬುದು ನನ್ನ ಇಂಗಿತವಲ್ಲ. ಈ ಕೆಲಸ ಪ್ರಾಪ್ತವಯಸ್ಕರದು, ಅದರಲ್ಲಿಯೂ ನುರಿತವರದು. ನೀವು ಮಾಡಬಹುದಾದದ್ದು ಬೇರೆಯೇ ಇದೆ. ಇಂದು ಸಂಜೆ ನಿಮ್ಮ ಕಟ್ಟಡದ ತಳಕ್ಕಿಳಿದು, ಬಂಡಿಗಳು ಎಲ್ಲಿವೆ, ಮೀಟರು ಎಲ್ಲಿದೆ, ಮೋಟಾರಿನ ಗುಂಡಿ ಎಲ್ಲಿದೆ, ನೆಲದ ಇಳಿಜಾರು ಯಾವ ಕಡೆಗಿದೆ, ಮರಳಿನ ಬಕೆಟ್ಟು ಇದೆಯೇ, ಅಗ್ನಿಶಾಮಕದ ಅವಧಿ ಮುಗಿದಿದೆಯೇ ಎಂಬುದನ್ನು ಒಂದು ಹಾಳೆಯ ಮೇಲೆ ಚಿತ್ರವಾಗಿ ಬರೆಯಿರಿ. ಆ ಚಿತ್ರವನ್ನು ಮನೆಯ ಹಿರಿಯರಿಗೆ ತೋರಿಸಿ, ಪೆಟ್ರೋಲಿನ ಆವಿ ನೀರಿನಂತೆ ಕೆಳಗೆ ಹರಿಯುತ್ತದೆ ಎಂಬ ಒಂದೇ ಮಾತನ್ನು ಅವರಿಗೆ ತಿಳಿಸಿರಿ. ಅಷ್ಟನ್ನು ಅರಿತವರು ಮಳೆಗಾಲದ ಮುಂಜಾನೆ ಬಂಡಿಯನ್ನು ಬಯಲಿಗೆ ತಳ್ಳಿಕೊಂಡು ಹೋಗಲು ಬೇಸರಪಡುವುದಿಲ್ಲ.